ಕೆಮ್ಮದ ಹುಡುಗಿಯ ಕ್ಯಾಸೆಟ್

ನಮ್ಮೂರಿನ ಚರಿತ್ರೆಯನ್ನು ಯಾರಾದರೂ ಬರೆಯುವ ಮನಸ್ಸು ಮಾಡಿದರೆ, ಪ್ಲೇಗು, ನೆರೆ, ಮುನಿಸಿಪಾಲಿಟಿ ಚುನಾವಣೆ ಇವೆಲ್ಲಕ್ಕೂ ಮೊದಲು ಕೆಮ್ಮಿಗೊಂದು ಅಧ್ಯಾಯ ಮೀಸಲಿಡಬೇಕೆಂದು ಸಕಲ ಗಾಂಭೀರ್ಯದಿಂದ ಕೇಳಿಕೊಳ್ಳುತ್ತೇನೆ. ಕಾಯಿಲೆಯ ಕೆಮ್ಮಲ್ಲ, ಅದಕ್ಕೆ ಕಂಪೌಂಡರ್ ನಂಜುಂಡಯ್ಯನವರ ಕೆಂಪು ಔಷಧವಿದೆ. ನಾನು ಹೇಳುತ್ತಿರುವುದು ಮರ್ಯಾದೆಯ ಕೆಮ್ಮು. ನೆರೆಯವರು ತಮ್ಮ ಬಾಗಿಲ ಮುಂದೆ ಬಂದು ನಿಂತ ಕೂಡಲೇ ಮುಖವನ್ನು ಅತ್ತ ತಿರುಗಿಸಿಕೊಂಡು, ಅವರು ಒಳಗೆ ಹೋಗುವ ತನಕ ಬಿಡದೆ ಕೆಮ್ಮುವ ಕೆಮ್ಮು. ಅದನ್ನು ಸರಿಯಾಗಿ ಕೆಮ್ಮಲು ಬಾರದ ಮನೆತನಕ್ಕೆ ನಮ್ಮಲ್ಲಿ ಹೆಣ್ಣು ಕೊಡುತ್ತಿರಲಿಲ್ಲ.

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ, ಚಿಲಕವಿಲ್ಲ. ಮನೆಗೊಂದು ಸ್ವರವಿದೆ. ಹೊರಗೆ ನಿಂತು ಆ ಸ್ವರವನ್ನು ಗುನುಗಿದರೆ ಬಾಗಿಲು ತೆರೆಯುತ್ತದೆ. ಗುನುಗದಿದ್ದರೆ ಆನೆ ಬಂದು ತಳ್ಳಿದರೂ ಅಲ್ಲಾಡುವುದಿಲ್ಲ. ಒಳಗಿರುವವರಾದರೆ ಸುಮ್ಮನೆ ಕೈಯಲ್ಲಿ ಎಳೆದು ತೆರೆಯಬಹುದು. ಮನೆ ಕಟ್ಟಿದ ದಿನ ಮನೆಯ ಹಿರಿಯ ಹೆಂಗಸು ಬಾಗಿಲಿಗೆ ಎಣ್ಣೆ ಸವರಿ, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಾಗೆ ಅದಕ್ಕೆ ಸ್ವರ ಹೇಳುತ್ತಾಳೆ. ಆಗ ಇಡೀ ಓಣಿ ನಿಂತು ಕೆಮ್ಮುತ್ತದೆ. ಆದರೆ ತೀರ ಹತ್ತಿರ ನಿಂತು ಕೆಮ್ಮಬಾರದು. ಆಗ ಬಾಗಿಲಿಗೇ ಸ್ವರ ಕೇಳಿಸದೆ ಮನೆಯವರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ನಾಲ್ಕು ಮಾರು ದೂರದಿಂದ ಕೆಮ್ಮುವುದು ಸಭ್ಯತೆ, ಮೂಗಿನ ಕೆಳಗೇ ಕೆಮ್ಮುವುದು ಜಗಳಕ್ಕೆ ಕರೆ. ಇನ್ನು ಅಳಿಯಂದಿರ ವಿಷಯ. ಅಳಿಯನಿಗೆ ಮನೆಯ ಸ್ವರ ಹೇಳಿಕೊಡುವ ಪದ್ಧತಿಯಿಲ್ಲ. ಎಷ್ಟೇ ದೊಡ್ಡ ಮನುಷ್ಯನಾದರೂ ಕಟ್ಟೆಯ ಮೇಲೆ ಕೂತು ಕೆಮ್ಮಬೇಕು, ಒಳಗಿನವರು ಬಂದು ತೆರೆಯಬೇಕು. ಕೆಮ್ಮಿದ ಅಳಿಯನಿಗೆ ಬಾಗಿಲು ತೆರೆಯದ ಮನೆ ನಮ್ಮೂರಿನಲ್ಲಿ ಇರಲಿಲ್ಲ, ನಮ್ಮ ಮನೆಯೊಂದಾಗುವವರೆಗೆ.

ಇಷ್ಟು ಶಿಸ್ತಿನ ಊರಿನಲ್ಲಿ ಕೆಮ್ಮದ ಹುಡುಗಿಯೊಬ್ಬಳು ಹುಟ್ಟಿದಳು. ನಮ್ಮ ಎದುರುಮನೆಯ ಪಾರ್ವತಕ್ಕನ ಮಗಳು ಕುಮುದಾ. ಯಾರು ಬಾಗಿಲ ಮುಂದೆ ನಿಂತರೂ ಆ ಮಗು ಬಾಯಿ ತೆರೆದುಕೊಂಡು ಕೇಳುತ್ತಿತ್ತು. ಮಾರನೆಯ ದಿನ ನೋಡಿದರೆ ಅವರ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಕೊಬ್ಬರಿ ತಿನ್ನುತ್ತಿರುತ್ತಿತ್ತು. "ಅದ್ ಹೆಂಗೇ ಒಳಗ್ ಬಂದೆ, ಕಳ್ಳಿ?" ಎಂದು ಎಲ್ಲರೂ ಗಲ್ಲ ಹಿಂಡಿ ಕಳಿಸುತ್ತಿದ್ದರು. ಪಾರ್ವತಕ್ಕನಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. "ಕೆಮ್ಮೇ, ಒಂದೇ ಒಂದ್ ಸಲ ಕೆಮ್ಮೇ ನಮ್ಮವ್ವ" ಎಂದು ಬೆನ್ನು ಗುದ್ದುತ್ತಿದ್ದಳು. ಹುಡುಗಿ ಕೆಮ್ಮಲಿಲ್ಲ. ದೊಡ್ಡವಳಾಗಿ ಪಟ್ಟಣಕ್ಕೆ ಹೋಗಿ ಹಾಡುಗಾರ್ತಿಯಾದಳೆಂದು ಕೇಳಿದೆವು. ಗಂಟಲನ್ನು ಅಷ್ಟು ಜೋಪಾನ ಮಾಡಿದವಳು ಮತ್ತೇನಾಗಬೇಕು ಎಂದು ಊರು ಸುಮ್ಮನಾಯಿತು.

ನನ್ನ ತಂಗಿ ಮಂದಾಕಿನಿಯನ್ನು ಹೊಳೆಯಾಚೆಯ ಊರಿಗೆ ಕೊಟ್ಟಿತ್ತು. ಆ ಊರಿನಲ್ಲಿ ಬೀಗವಿದೆ. ಅವಳ ಗಂಡ ಗಿರಿಧರನ ಹಾರ್ಡ್‌ವೇರ್ ಅಂಗಡಿಯಲ್ಲಂತೂ ಬೀಗಗಳು ತೋರಣದ ಹಾಗೆ ತೂಗುತ್ತವೆ. ಮದುವೆಯಾದ ವರ್ಷ ಅವನು ಅಮ್ಮನಿಗೊಂದು ಹಿತ್ತಾಳೆಯ ಬೀಗ ಉಡುಗೊರೆ ತಂದ. ಅದನ್ನೇನು ಮಾಡುವುದೆಂದು ತಿಳಿಯದ ಅಮ್ಮ, ಬೆಕ್ಕಿನ ಕಾಟಕ್ಕೆಂದು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಭಾರಕ್ಕಿಟ್ಟಳು. ಒಳ್ಳೆಯ ಬೀಗ. ಬೆಕ್ಕು ಸೋತಿತು.

ಅದೇ ಜಾತಿಯ ಬೀಗವನ್ನು ಅವನು ಅಂಗಡಿಗೆ ಹೋಗುವಾಗ ಮನೆಗೆ ಹೊರಗಿನಿಂದ ಹಾಕಿಕೊಂಡು ಹೋಗುತ್ತಿದ್ದನೆಂದು ನಮಗೆ ತಿಳಿದದ್ದು ಮಂದಾ ಓಡಿಬಂದ ಮೇಲೆ. ಸಂಜೆ ಕೀಲಿಕೈ ತಿರುಗುವ ಸದ್ದಿನಲ್ಲೇ ಅವತ್ತಿನ ಅವನ ಸಿಟ್ಟು ಎಷ್ಟೆಂದು ಗೊತ್ತಾಗುತ್ತಿತ್ತಂತೆ. ಅವಳ ಎಡಗೈಯ ಮಣಿಕಟ್ಟು ಸರಿಯಾಗಿ ಬಗ್ಗುತ್ತಿರಲಿಲ್ಲ. ಒಂದು ದಿನ ಅವನ ಅವಸರದಲ್ಲಿ ಬೀಗ ಕಚ್ಚಿಕೊಂಡಿರಲಿಲ್ಲ; ಇವಳು ಉಟ್ಟ ಸೀರೆಯಲ್ಲೇ ದೋಣಿ ಹತ್ತಿದಳು. ನಮ್ಮ ಬಾಗಿಲ ಮುಂದೆ ಬಂದು ನಿಂತಾಗ ಮನೆಯ ಸ್ವರವೇ ನೆನಪಾಗಲಿಲ್ಲ. ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕೂತು, ಅಳಿಯನ ಹಾಗೆ ಕೆಮ್ಮಿದಳು.

ಗಿರಿಧರ ಬೆನ್ನಿಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕಟ್ಟೆಯ ಮೇಲೆ ಕೂತು ಕ್ರಮವಾಗಿ ಕೆಮ್ಮಿದ. ಅಮ್ಮ ಅಭ್ಯಾಸಬಲದಿಂದ ಎದ್ದಳು. ನಾನು ಸೆರಗು ಹಿಡಿದು ಕೂರಿಸಿದೆ.

"ಅಳಿಯ ಕೆಮ್ತಾ ಇದಾನೆ ಕಣೇ" ಎಂದು ಅಮ್ಮ ಪಿಸುಗುಟ್ಟಿದಳು.

"ಕೆಮ್ಲಿ ಬಿಡು."

"ಓಣಿ ಏನನ್ನುತ್ತೆ?"

"ಓಣೀನೂ ಕೆಮ್ಮುತ್ತೆ."

ಅವನು ದನಿ ಎತ್ತುವ ಮನುಷ್ಯನಲ್ಲ. ಬಾಗಿಲಿಗೆ ಬಾಯಿ ತಂದು, ಗಿರಾಕಿಯೊಡನೆ ಮಾತಾಡುವ ಹಾಗೆ ಹೇಳಿದ: "ಅತ್ತೆ, ನಾನು ಜಗಳಕ್ಕೆ ಬಂದಿಲ್ಲ. ಮಂದಾನ ಕರ್ಕೊಂಡ್ ಹೋಗೋಕೆ ಬಂದಿದೀನಿ ಅಷ್ಟೆ. ಅಡುಗೆಮನೆಗೆ ಹೊಸ ಸ್ಟೌ ತಂದಿದೀನಿ. ಬಾಗಿಲಿಗೂ ಹೊಸದು ಹಾಕ್ಸಿದೀನಿ." ಆಮೇಲೆ ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು, "ಬಾಗಿಲು ಅಂದ್ಮೇಲೆ ಯಾವತ್ತಾದ್ರೂ ತೆರೀಲೇಬೇಕು" ಎಂದು ಹೊರಟುಹೋದ. ಹಣ್ಣನ್ನು ಬೀದಿಯ ಹಸು ತಿಂದಿತು. ಒಳಗೆ ಮಂದಾ ಹಾಲಿನ ಪಾತ್ರೆಯ ಮೇಲಿನ ಬೀಗವನ್ನೇ ನೋಡುತ್ತ ಕೂತಿದ್ದಳು. ಆದರೆ ನಾವು ನಿಶ್ಚಿಂತರಾಗಿದ್ದೆವು. ಸ್ವರ ಗೊತ್ತಿಲ್ಲದವನು ಏನು ಮಾಡಿಯಾನು?

ಆಗ ಕುಮುದಾಳ ಆಲ್ಬಮ್ ಬಂತು.

ಪೋಸ್ಟರಿನಲ್ಲಿ ಅವಳ ಹೆಸರು 'ಕೂಮಿ' ಎಂದಿತ್ತು. ಆಲ್ಬಮ್ಮಿನ ಹೆಸರು 'ಯಾರದು?'. ಪಟ್ಟಣದಲ್ಲಿ ಬಾಗಿಲು ತಟ್ಟಿದರೆ ಒಳಗಿನವರು ಹಾಗೆ ಕೇಳುತ್ತಾರಂತೆ. ನಮಗದು ವಿಚಿತ್ರವಾಗಿ ಕಂಡಿತು. ಸ್ವರ ಗೊತ್ತಿದ್ದವರು ಮನೆಯವರು, ಕೆಮ್ಮಿದವರು ಅಳಿಯಂದಿರು, ಇನ್ನು ಕೇಳುವುದೇನಿದೆ? ಆದರೆ ಜಗತ್ತಿಗೆ ಅದು ಹಿಡಿಸಿತು. ಚಹದಂಗಡಿ, ಆಟೋ, ಕ್ಷೌರದಂಗಡಿ, ಮದುವೆಯ ಬ್ಯಾಂಡು, ಐಸ್‌ಕ್ಯಾಂಡಿಯವನ ಗಾಡಿ, ಎಲ್ಲ ಕಡೆ ಕೂಮಿ. ಓಣಿಯ ಮೂಲೆಯ ಅಂಗಡಿಯ ವಿರೂಪಣ್ಣ, ಕ್ಯಾಸೆಟ್ಟುಗಳು ಬಂದ ಬಂದ ಹಾಗೆ ಬಿಸಿ ಬೋಂಡದಂತೆ ಖಾಲಿಯಾಗುತ್ತಿವೆ ಎಂದ. ನಾನು ಕೆಲಸ ಮಾಡುವ ಮುನಿಸಿಪಾಲಿಟಿ ವಾಚನಾಲಯದಲ್ಲಿ, ಧರ್ಮಗ್ರಂಥಗಳ ಕಪಾಟಿನ ಹಿಂದಿನಿಂದಲೂ ಯಾರೋ ಆ ಹಾಡುಗಳನ್ನು ಗುನುಗುವುದು ನನಗೆ ಕೇಳಿಸುತ್ತಿತ್ತು.

ನಮಗೆ ವಿಷಯ ತಿಳಿದದ್ದು ರೇಡಿಯೋದ ಮಧ್ಯಾಹ್ನದ ಕೋರಿಕೆ ಕಾರ್ಯಕ್ರಮದಲ್ಲಿ. ಮಂದಾ ನಡುಮನೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಪಕ್ಕದ ಮನೆಯ ರೇಡಿಯೋದಲ್ಲಿ ಕೂಮಿಯ ಹಾಡು ಶುರುವಾಯಿತು. ಗಿಟಾರು, ಡ್ರಮ್ಮು, ಆಮೇಲೆ ಅವಳ ದನಿ. ಪಲ್ಲವಿ ಮುಗಿಯುವ ಹೊತ್ತಿಗೆ ನಮ್ಮ ಬಾಗಿಲು ತಾನಾಗಿ, ಅಷ್ಟಗಲ, ಗೋಡೆಗೆ ಬಡಿಯುವಂತೆ ತೆರೆದುಕೊಂಡಿತು. ಹೊರಗೆ ಯಾರೂ ಇರಲಿಲ್ಲ. ಬಿಸಿಲು, ಒಂದು ನಾಯಿ, ಖಾಲಿ ಕಟ್ಟೆ. ಮಂದಾ ಮೊರವನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ನಿಂತಿದ್ದಳು. ಆಮೇಲೆ ಅವಳು ಸಿಕ್ಕಿದ್ದು ಅಟ್ಟದ ಮೇಲೆ, ಹುಣಸೆಹಣ್ಣಿನ ಗಡಿಗೆಗಳ ಹಿಂದೆ.

ಆಲ್ಬಮ್ಮಿನ ಒಂದೊಂದು ಹಾಡಿನ ಪಲ್ಲವಿಯೂ ನಮ್ಮ ಓಣಿಯ ಒಂದೊಂದು ಮನೆಯ ಸ್ವರ. ಮೊದಲನೆಯದು ಅವಳ ಸ್ವಂತ ಮನೆಯದು, ಎರಡನೆಯದು ಕಂಪೌಂಡರ್ ನಂಜುಂಡಯ್ಯನವರದು, ಮೂರನೆಯದು ಬಳೆಗಾರರ ಮನೆಯದು, ಮೊದಲ ಮಗ್ಗುಲಿನ ಕೊನೆಯದು ನಮ್ಮದು. ಉಳಿದವರದ್ದು ಎರಡನೇ ಮಗ್ಗುಲಿನಲ್ಲಿ. ಮೊದಮೊದಲು ರೇಡಿಯೋದಲ್ಲಿ ಯಾರ ಮನೆಯ ಸ್ವರ ಬಂದರೂ ಓಣಿಯವರು ಪದ್ಧತಿಯಂತೆ ಕೆಮ್ಮಿದರು. ಒಂದು ವಾರದಲ್ಲಿ ಸುಸ್ತಾದರು. ಇಡೀ ಜಗತ್ತಿಗೆ ಕೆಮ್ಮಲು ಯಾರಿಗೆ ಗಂಟಲಿದೆ? ಹೊಂದಿಕೊಂಡರು. ಕೋರಿಕೆ ಕಾರ್ಯಕ್ರಮದ ವೇಳೆಗೆ ಯಾರೂ ಸ್ನಾನಕ್ಕಿಳಿಯುತ್ತಿರಲಿಲ್ಲ. ಬಳೆಗಾರರ ಮನೆಯವರು ಹೇಗೂ ಬಾಗಿಲು ತೆರೆಯುತ್ತದಲ್ಲ ಎಂದು ಆ ಹೊತ್ತಿಗೇ ಕಸ ಗುಡಿಸಿ ಹೊರಗೆ ತಳ್ಳತೊಡಗಿದರು. ತಮ್ಮ ಮನೆ ಜಗತ್ಪ್ರಸಿದ್ಧವಾಯಿತೆಂದು ಬಿಗುಮಾನ ಬೇರೆ ಬಂತು. ಹಾಡು ಸಿಗದೇ ಉಳಿದದ್ದು ವಿರೂಪಣ್ಣನ ಮನೆಯೊಂದೇ. "ಆ ಹುಡುಗಿಗೆ ನಮ್ಮನೆ ಕೊಬ್ಬರಿ ಬೇಕಿತ್ತು, ನಮ್ಮನೆ ಸ್ವರ ಬೇಡವಾಯ್ತು" ಎಂದು ಕ್ಯಾಸೆಟ್ ಕೊಂಡವರಿಗೆಲ್ಲ ಚಿಲ್ಲರೆಯೊಂದಿಗೆ ತನ್ನ ಸಂಕಟವನ್ನೂ ಕೊಟ್ಟು ಕಳಿಸುತ್ತಿದ್ದ.

ನಾವು ಒರಳುಕಲ್ಲನ್ನು ಬಾಗಿಲಿಗೆ ಅಡ್ಡ ಉರುಳಿಸಿದೆವು. ನಮ್ಮೂರಿನಲ್ಲಿ ಬಾಗಿಲಿಗೆ ಕಲ್ಲು ಅಡ್ಡವಾದರೆ ಸಾವಿನ ಮನೆ ಎಂದು ಅರ್ಥ. ಅರ್ಧ ಊರು ತೆಂಗಿನಕಾಯಿ ಹಿಡಿದು ಬಂದು, ಸತ್ತವರು ಯಾರೆಂದು ಹುಡುಕಿ, ಎಲ್ಲರೂ ಇರುವುದನ್ನು ಕಂಡು ಸ್ವಲ್ಪ ಬೇಸರದಿಂದಲೇ ಹಿಂದಿರುಗಿತು. ಮರುದಿನ ಹಾಡು ಬಂದಾಗ ಬಾಗಿಲು ಒರಳುಕಲ್ಲನ್ನೂ ತಳ್ಳಿಕೊಂಡು ತೆರೆಯಿತು. ಕರೆದವರು ಯಾರೆಂಬುದು ಬಾಗಿಲಿಗೆ ಬೇಕಿಲ್ಲ.

"ಹೊಳೆಯಾಚೆಯಿಂದ ಒಂದ್ ಚಿಲಕ ತರಿಸೋಣ" ಎಂದೆ ನಾನು.

ಮಂದಾ ಗೋಡೆಗೆ ಒರಗಿ ಕೂತಿದ್ದಳು. "ಚಿಲಕ ಹಾಕಿದ ಮನೇಲಿ ನಾನಿರಲ್ಲ ಅಕ್ಕ. ಒಳಗಿಂದ ಹಾಕೋದಾದ್ರೂ ಇರಲ್ಲ. ಆ ಸದ್ದು ಕೇಳೋಕಾಗಲ್ಲ ನನಗೆ."

ಉಳಿದ ದಾರಿ ಬಾಗಿಲಿಗೆ ಹೊಸ ಸ್ವರ ಹೇಳುವುದು. ಅದೂ ಆಗದು ಎಂದಳು ಅಮ್ಮ. ಹಳೆಯ ಸ್ವರವನ್ನು ಗುನುಗುವವರು ಎಲ್ಲೂ ಇಲ್ಲವಾದಾಗ ಮಾತ್ರ ಬಾಗಿಲು ಅದನ್ನು ಮರೆತು ಹೊಸದನ್ನು ಕಲಿಯುತ್ತದೆ. "ಈಗ್ ನೋಡಿದ್ರೆ ನಮ್ಮನೆ ಸ್ವರ ಊರೂರಲ್ಲಿ ಗುನುಗ್ತಾವ್ರೆ. ಇದು ಯಾವ ಕಾಲಕ್ಕೆ ಸಾಯೋದು?"

ಹಾಗಾಗಿ ಪಾರ್ವತಕ್ಕನಿಂದ ಹೇಳಿ ಕಳಿಸಿ ಕುಮುದಾಳನ್ನು ಕರೆಸಿದೆವು. ಹಾಡು ನಿಲ್ಲಿಸುವ ಶಕ್ತಿ ಯಾರಿಗಾದರೂ ಇದ್ದರೆ ಅವಳಿಗೆ ಎಂದುಕೊಂಡಿದ್ದೆವು. ಕಂಪನಿಯ ಕಾರಿನಲ್ಲಿ ಬಂದಳು. ಕೂದಲಿಗೆ ಕೆಂಪು ಬಣ್ಣ, ಕುತ್ತಿಗೆಗೆ ಉಣ್ಣೆಯ ಬಟ್ಟೆ. ಮೊಸರು, ಹುಳಿ, ಐಸ್‌ಕ್ರೀಮು ಯಾವುದೂ ಮುಟ್ಟುವುದಿಲ್ಲವಂತೆ. ಗಂಟಲಿನ ಮೇಲೆ ಕಂಪನಿಯವರು ವಿಮೆ ಮಾಡಿಸಿದ್ದಾರಂತೆ. ಮಂದಾಳನ್ನು ಕಂಡು ಅವಳ ಮುಖ ಸಣ್ಣದಾಯಿತು.

"ನನಗೇನ್ ಗೊತ್ತು ಮಂದಕ್ಕಾ. ಸ್ಟುಡಿಯೋ ಅಂದ್ರೆ ನಾಲ್ಕೂ ಕಡೆ ಹತ್ತಿ ಮೆತ್ತಿದ ಪೆಟ್ಟಿಗೆ. ಬಾಗಿಲು ಹಾಕಿದ್ರೆ ಹೊರಗಿನ ಒಂದು ಸದ್ದೂ ಕೇಳ್ಸಲ್ಲ. ಅಲ್ಲಿ ಹೆದರಿಕೆ ಆದಾಗೆಲ್ಲ ನಮ್ಮ ಓಣಿ ಬಾಗಿಲುಗಳನ್ನ ಒಂದೊಂದಾಗಿ ತೆಗೀತಾ ಹೋಗೋಳು ನಾನು. ಅವೇ ಹಾಡಾದ್ವು."

"ನನ್ನನ್ನೂ ಅಂಥದ್ದೇ ಪೆಟ್ಟಿಗೇಲಿ ಇಟ್ಟಿದ್ದ" ಎಂದಳು ಮಂದಾ. "ನನಗೆ ಒಂದು ಬಾಗಿಲೂ ನೆನಪಾಗ್ಲಿಲ್ಲ."

"ಅಮ್ಮ ಹೇಳಿ ಕಳಿಸಿದ ಕೂಡ್ಲೇ ಕಂಪನಿಯವರನ್ನ ಕೇಳ್ದೆ, ಆ ಹಾಡು ತೆಗೀರಿ ಅಂತ. ನಗ್ತಾರೆ. ಅದೇ ಎಲ್ಲಕ್ಕಿಂತ ಜಾಸ್ತಿ ಓಡ್ತಿರೋದಂತೆ. ಮತ್ತೆ ಮತ್ತೆ ಕ್ಯಾಸೆಟ್ ಮಾಡಿಸ್ತಾನೇ ಇದಾರೆ."

"ಚಿಕ್ಕೋಳಿದ್ದಾಗ ಒಂದ್ ಸಲ ಕೆಮ್ಮಿದ್ರೆ ಸಾಕಾಗ್ತಿತ್ತು ಕಣೇ ಕುಮುದಾ" ಎಂದಳು ಮಂದಾ. ಬೈಗುಳದ ದನಿ ಇರಲಿಲ್ಲ ಅದರಲ್ಲಿ. ಕುಮುದಾ ಕತ್ತಿನ ಉಣ್ಣೆಬಟ್ಟೆಯ ತುದಿಯನ್ನು ತಿರುಚುತ್ತ ಕೂತಳು, ಆಮೇಲೆ ಎದ್ದು ಎದುರುಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ವಾಚನಾಲಯಕ್ಕೆ ರಜೆ. ನಾನು ತೊಗರಿಬೇಳೆ ಆರಿಸುತ್ತಿದ್ದೆ. ವಿರೂಪಣ್ಣ ಏದುಸಿರು ಬಿಡುತ್ತ ಬಂದು ನಮ್ಮ ಕಿಟಕಿಯ ಸರಳು ಹಿಡಿದ. ಮುಖ ಸುಣ್ಣದಂತಾಗಿತ್ತು.

"ಅಮ್ಮಣ್ಣೀ, ನನ್ನಿಂದ ಒಂದು ಎಡವಟ್ಟಾಯ್ತು. ಯಾರೋ ಒಬ್ಬ ಇಸ್ತ್ರಿ ಅಂಗಿಯವನು ಬಂದು ಕ್ಯಾಸೆಟ್ ತೋರ್ಸಿ, ಹಾಡು ಬಾಳ ಚೆನ್ನಾಗದೆ ಅಂದ. ಚೆನ್ನಾಗೇನು ಬಂತು ಮಣ್ಣು, ಓಣಿಯವರೆಲ್ಲರ ಮನೆ ಬಾಗಿಲ ಸ್ವರನೂ ಹಾಕವ್ಳೆ, ನಮ್ಮನೇದೊಂದ್ ಬಿಟ್ಟು, ಅಂದ್ಬಿಟ್ಟೆ. ಅವನು ಹೌದಾ ಅಂತ ನಕ್ಕ. ಆ ನಗು ನೋಡಿದ್ ಮೇಲೆ ನಿಮ್ಮಳಿಯ ಅಂತ ಗುರುತು ಹತ್ತಿತು."

ನಾನು ಹೊರಗೆ ನೋಡಿದೆ. ಗಿರಿಧರ ಓಣಿಯ ಬಾಯಲ್ಲಿ ಬರುತ್ತಿದ್ದ. ಎಡಗೈಯಲ್ಲಿ ಹೊಳೆಯುವ ಹೊಸ ಟೇಪ್‌ರೆಕಾರ್ಡರ್.

ನಮ್ಮ ಮನೆಗಿರುವುದು ಒಂದೇ ಬಾಗಿಲು. ಅಟ್ಟವೆಂದರೆ ಏಣಿ ಹತ್ತಿ ಯಾರೂ ನೋಡಬಹುದಾದ ಅಟ್ಟ. ಮಂದಾ ಈ ಸಲ ಓಡಲಿಲ್ಲ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಬಾಗಿಲನ್ನೇ ನೋಡುತ್ತ ನಿಂತಳು. ಅಮ್ಮ ಅವಳ ಬಗ್ಗದ ಕೈಯನ್ನು ಹಿಡಿದುಕೊಂಡಳು.

ಅವನಿಗೆ ಯಾವ ಹಾಡು ಯಾವ ಮನೆಯದೆಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಟೇಪ್‌ರೆಕಾರ್ಡರನ್ನು ನಮ್ಮ ಕಟ್ಟೆಯ ಮೇಲಿಟ್ಟ. ಅಂಗಿಯ ತೋಳು ಸರಿಮಾಡಿಕೊಂಡ. ಮೊದಲ ಹಾಡಿನಿಂದ ಹಚ್ಚಿದ.

ಎದುರಿಗೆ ಪಾರ್ವತಕ್ಕನ ಬಾಗಿಲು ತೆರೆಯಿತು. ಹೊಸ್ತಿಲ ಆಚೆ ಕುಮುದಾ ಬೆಚ್ಚನೆಯ ಹಾಲಿನ ಲೋಟ ಹಿಡಿದು, ತನ್ನದೇ ದನಿಯನ್ನು ಕೇಳುತ್ತ ನಿಂತಿದ್ದಳು. ಗಿರಿಧರ ತಿರುಗಿ ನೋಡಿ, "ಓ ಮೇಡಂ! ನಮಸ್ಕಾರ. ನಾನು ನಿಮ್ಮ ದೊಡ್ಡ ಅಭಿಮಾನಿ. ದೋಣಿ ಹತ್ತಿದಾಗ್ನಿಂದ ಇದೇ ಕೇಳ್ಕೊಂಡು ಬಂದೆ" ಎಂದು ಕೈಮುಗಿದ. ನಿಜವಾಗಿಯೇ ಹೇಳುತ್ತಿದ್ದ. ಅಭಿಮಾನಕ್ಕೇನೂ ಕೊರತೆಯಿರಲಿಲ್ಲ.

ಎರಡನೆಯ ಹಾಡಿಗೆ ನಂಜುಂಡಯ್ಯನವರ ಬಾಗಿಲು ತೆರೆಯಿತು. ಕೋರಿಕೆ ಕಾರ್ಯಕ್ರಮಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂಬ ಧೈರ್ಯದಲ್ಲಿ ಸ್ನಾನಕ್ಕಿಳಿದಿದ್ದ ಮನುಷ್ಯ ಟವೆಲು ಸುತ್ತಿಕೊಂಡು, ಕಿವಿಯಲ್ಲಿ ನೊರೆ ಸಮೇತ ಹೊರಗೆ ಬಂದ. "ಯಾರ್ರೀ ಅದು ಹೊತ್ತಲ್ಲದ ಹೊತ್ತಲ್ಲಿ? ಮನುಷ್ಯರು ಮೈ ತೊಳ್ಕೋಬಾರ್ದಾ?" ಎಂದು ಕೂಗಾಡಿದ. ಮೂರನೆಯದಕ್ಕೆ ಬಳೆಗಾರರ ಮನೆಯ ಬಾಗಿಲು ತೆರೆದು, ಅತ್ತೆ ಸೊಸೆಯರು ಕಸಬರಿಗೆ ಹುಡುಕುತ್ತ ಅವಸರವಾಗಿ ಹೊರಬಂದರು. ಎರಡನೇ ಮಗ್ಗುಲಿನ ಮನೆಗಳವರೂ ಗದ್ದಲ ಕೇಳಿ ಇಣುಕಿದರು. ಓಣಿ ತುಂಬಿತು. ಆದರೆ ಗಿರಿಧರನನ್ನು ಯಾರೂ ತಡೆಯಲಿಲ್ಲ. ಓಣಿಯ ಅಳಿಯ, ಗಂಡ ಹೆಂಡಿರ ವ್ಯವಹಾರ, ಅವನು ಮಾಡುತ್ತಿದ್ದುದಾದರೂ ಏನು, ಕಟ್ಟೆಯ ಮೇಲೆ ಕೂತು ಹಾಡು ಕೇಳುತ್ತಿದ್ದ, ಅಷ್ಟೆ. ಅಳಿಯನ ಮೈಮೇಲೆ ಕೈ ಹಾಕುವುದು ಯಾವ ಶಾಸ್ತ್ರದಲ್ಲೂ ಇಲ್ಲ ಎಂಬ ಭಾವ ನೆರೆದವರ ಮುಖದ ಮೇಲೆ ಸ್ಪಷ್ಟವಾಗಿತ್ತು. ಕಿಟಕಿಯಿಂದ ಅಷ್ಟೂ ಮುಖಗಳನ್ನು ನಾನು ನೋಡಿದೆ. ನಮ್ಮ ಪರವಾಗಿ ಒಂದೂ ಇರಲಿಲ್ಲ, ವಿರುದ್ಧವಾಗಿಯೂ ಇರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೂರನೆಯ ಹಾಡು ಮುಗಿಯಿತು. ರೀಲು ಸುಮ್ಮನೆ ತಿರುಗುವ ಸದ್ದು. 

ನಮ್ಮ ಹಾಡಿನ ಗಿಟಾರು ಶುರುವಾಯಿತು. ಆಗ ಹೊರಗೆ, ಕಿಟಕಿಯ ಪಕ್ಕದಲ್ಲೇ, ವಿರೂಪಣ್ಣ ಕೆಮ್ಮಿದ.

ಪಶ್ಚಾತ್ತಾಪದಿಂದ ಕೆಮ್ಮಿದನೋ, ಅಭ್ಯಾಸದಿಂದಲೋ, ಅವನಿಗೂ ಗೊತ್ತಿರಲಾರದು. ಆದರೆ ಅದು ಹಳೆಯ ಕಾಲದ ಕೆಮ್ಮು, ಹೊಕ್ಕುಳಿನಿಂದ ಬಂದದ್ದು. ಒಬ್ಬರು ಮರ್ಯಾದೆ ತೋರಿಸಿದ ಮೇಲೆ ಉಳಿದವರು ಸುಮ್ಮನಿದ್ದರೆ ಹೇಗೆ? ನಂಜುಂಡಯ್ಯ ಟವೆಲು ಬಿಗಿಹಿಡಿದು ಕೆಮ್ಮಿದರು. ಬಳೆಗಾರರ ಅತ್ತೆ ಕೆಮ್ಮಿದಳು. ಅತ್ತೆಗಿಂತ ಕಡಿಮೆಯಾಗಬಾರದೆಂದು ಸೊಸೆ ಕೆಮ್ಮಿದಳು. ಪಾರ್ವತಕ್ಕ ಕೆಮ್ಮಿದಳು. ಓಣಿ ಇಕ್ಕಟ್ಟು, ಜನ ತುಂಬಿದ್ದರು, ನಾಲ್ಕು ಮಾರು ದೂರ ಸರಿಯಲು ಯಾರಿಗೂ ಜಾಗವಿರಲಿಲ್ಲ. ಎಲ್ಲರೂ ನಮ್ಮ ಬಾಗಿಲಿನ ಮೂಗಿನ ಕೆಳಗೇ ನಿಂತು, ಅತ್ಯಂತ ಸಭ್ಯತೆಯಿಂದ, ಗಂಟಲು ಹರಿಯುವಂತೆ ಕೆಮ್ಮಿದರು. ಒಳಗೆ ನಮ್ಮ ಬಾಗಿಲು ನಡುಗಿತು. ಯಾರೋ ಹೆಸರು ಹಿಡಿದು ಕರೆದಂತಾಗಿ, ಸರಿಯಾಗಿ ಕೇಳಿಸದೆ ಕಿವಿ ನಿಮಿರಿಸಿದ ನಾಯಿಯ ಹಾಗೆ ನಡುಗಿತು. ತೆರೆಯಲಿಲ್ಲ.

ಹಾಡು ಮುಗಿಯಿತು. ಗಿರಿಧರ ಸುತ್ತ ನೋಡಿದ. "ಏನ್ರೀ, ಊರಿಗೆಲ್ಲ ನೆಗಡಿನಾ?" ಎಂದು ನಕ್ಕ. ಟೇಪನ್ನು ಹಿಂದಕ್ಕೆ ಸುತ್ತಿ, ದನಿಯನ್ನು ಪೂರ್ತಿ ಏರಿಸಿ ಮತ್ತೆ ಹಚ್ಚಿದ.

ಓಣಿ ಮತ್ತೆ ಕೆಮ್ಮಿತು. ಈ ಸಲ ಕೆಮ್ಮು ತೆಳ್ಳಗಾಗಿತ್ತು. ಮರ್ಯಾದೆಯ ಕೆಮ್ಮು ಒಂದು ಮನೆಯವರು ಬಾಗಿಲು ದಾಟುವಷ್ಟು ಹೊತ್ತಿಗೆ ಮಾಡಿದ್ದು. ಜನಪ್ರಿಯ ಹಾಡಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಬಳೆಗಾರರ ಅತ್ತೆಗೆ ನಿಜವಾದ ಕೆಮ್ಮೇ ಹತ್ತಿ, ಸೊಸೆ ನೀರು ತರಲು ಓಡಿದಳು. ನಂಜುಂಡಯ್ಯನವರ ದನಿ ಕೀರಲಾಯಿತು. ಬಾಗಿಲು ಒಂದು ಬೆರಳಿನಷ್ಟು ಸರಿಯಿತು. ಸಂದಿಯಲ್ಲಿ ಇಸ್ತ್ರಿ ಅಂಗಿಯ ಬಿಳುಪು ಕಂಡಿತು, ಆಮೇಲೆ ಅವನ ಬೆರಳುಗಳು. ನಾನು ಬೇಳೆಯ ತಟ್ಟೆ ಬಿಸುಟು ಬಾಗಿಲಿಗೆ ಮೈಕೊಟ್ಟೆ. ಒರಳುಕಲ್ಲನ್ನೇ ತಳ್ಳಿದ ಬಾಗಿಲು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಆಗ ಕುಮುದಾ ಕೆಮ್ಮಿದಳು.

ಹಾಲಿನ ಲೋಟ ಕೆಳಗಿಟ್ಟು, ಕತ್ತಿನ ಬಟ್ಟೆ ಬಿಚ್ಚಿ, ಓಣಿ ದಾಟಿ ಬಂದು, ಟೇಪ್‌ರೆಕಾರ್ಡರಿನ ಪಕ್ಕದಲ್ಲೇ ನಮ್ಮ ಬಾಗಿಲಿಗೆ ಬಾಯಿಕೊಟ್ಟು ಕೆಮ್ಮಿದಳು. ಅಂಥ ಕೆಮ್ಮನ್ನು ಊರು ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕೂಡಿಟ್ಟದ್ದು. ತಾನೇ ಹಾಡಿದ ಹಾಡಾದ್ದರಿಂದ ಎಲ್ಲಿ ಪಲ್ಲವಿ ಏಳುತ್ತದೆ, ಎಲ್ಲಿ ಉಸಿರು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸ್ವರ ಬರುವಲ್ಲೆಲ್ಲ ಸರಿಯಾಗಿ ಅದರ ಮೇಲೇ ಕೆಮ್ಮು ಬಿತ್ತು. ಬಾಗಿಲು ಗೊಂದಲಗೊಂಡು ಹಿಂದಕ್ಕೆ ಸರಿಯಿತು. ಬೆರಳುಗಳು ಮಾಯವಾದವು.

"ಮೇಡಂ, ನಿಮ್ಮ ಗಂಟಲು!" ಎಂದ ಗಿರಿಧರ. ನಿಜವಾಗಿ ಗಾಬರಿಯಾಗಿದ್ದ. ಆದರೂ ಟೇಪನ್ನು ಹಿಂದಕ್ಕೆ ಸುತ್ತಿದ.

ಅವನು ಹಚ್ಚಿದ, ಅವಳು ಕೆಮ್ಮಿದಳು. ಮತ್ತೆ ಹಚ್ಚಿದ. ಅವಳ ಕೆಮ್ಮಿನಲ್ಲಿ ಏನೋ ಹರಿದ ಸದ್ದು ಸೇರಿಕೊಂಡಿತು. ಪಾರ್ವತಕ್ಕ "ಸಾಕು ಕಣೇ" ಎಂದು ಅಳತೊಡಗಿದಳು. ಯಾವ ಮಗುವಿಗೆ ಒಂದು ಸಲ ಕೆಮ್ಮೆಂದು ಬೆನ್ನು ಗುದ್ದಿದ್ದಳೋ ಅದೇ ಮಗುವಿಗೆ. ಇನ್ನೊಮ್ಮೆ ಹಚ್ಚಿದಾಗ ಕೂಮಿಯ ದನಿ ಟೇಪಿನಲ್ಲಿ ಎಳೆದೆಳೆದು ಬಂತು. ಹೆಂಗಸಿನ ದನಿ ಗಂಡಸಿನದಾಯಿತು, ಗಂಡಸಿನದು ಎಮ್ಮೆಯದಾಯಿತು. ದೋಣಿಯಲ್ಲಿ, ದಾರಿಯುದ್ದಕ್ಕೂ ಅಭಿಮಾನದಿಂದ ಕೇಳಿಕೊಂಡು ಬಂದವನ ಬ್ಯಾಟರಿ ಮುಗಿದಿತ್ತು. ಯಾರೂ ಕೆಮ್ಮುತ್ತಿರಲಿಲ್ಲ, ಯಾರಲ್ಲೂ ಕೆಮ್ಮು ಉಳಿದಿರಲಿಲ್ಲ. ಇಳಿದು ಜೋತುಬಿದ್ದ ಆ ಸ್ವರವನ್ನು ನಮ್ಮ ಬಾಗಿಲು ಪೂರ್ತಿಯಾಗಿ ಕೇಳಿಸಿಕೊಂಡಿತು, ಗುರುತಿಸಲಿಲ್ಲ.

ಗಿರಿಧರ ವಿರೂಪಣ್ಣನತ್ತ ತಿರುಗಿದ. "ಬ್ಯಾಟರಿ ಇದೆಯೇನ್ರೀ?"

"ಇಲ್ಲ" ಎಂದ ವಿರೂಪಣ್ಣ, ಗಂಟಲಿಲ್ಲದ ಗಂಟಲಿನಲ್ಲಿ.

"ಅಂಗಡಿ ಮುಂದೇನೇ ನೇತಾಕಿದೀರಲ್ಲ?"

"ಅದು ನೋಡೋಕೆ."

ಆಮೇಲೆ ಅವನಿಗೆ ಉಳಿದದ್ದು ಒಂದೇ ದಾರಿ. ಕಟ್ಟೆಯ ಮೇಲೆ ಕೂತು, ಅಳಿಯನ ಕ್ರಮದಲ್ಲಿ ಕೆಮ್ಮಿದ. ಓಣಿ ನಿಶ್ಶಬ್ದವಾಗಿತ್ತು. ಆ ಕೆಮ್ಮು ಒಳಗೆ ಸ್ಪಷ್ಟವಾಗಿ ಕೇಳಿಸಿತು, ಮತ್ತು ನಾನು ಲೆಕ್ಕಕ್ಕೆ ಹಿಡಿಯದೇ ಇದ್ದ ಅಪಾಯ ಆಗ ಎದ್ದು ನಿಂತಿತು. ಅಮ್ಮ ಎದ್ದು ನಿಂತಿದ್ದಳು. ಜೀವಮಾನವಿಡೀ ಕೆಮ್ಮಿದವರಿಗೆ ಬಾಗಿಲು ತೆರೆದ ಕಾಲುಗಳು, ಅವಳನ್ನು ಕೇಳದೆ ಬಾಗಿಲ ಕಡೆ ನಡೆಯುತ್ತಿದ್ದವು. ಕೈ ಬಾಗಿಲಿನ ಹಿಡಿಯ ಮೇಲಿತ್ತು. ಮಂದಾ ಹೋಗಿ ಆ ಕೈಯ ಮೇಲೆ ತನ್ನ ಕೈಯಿಟ್ಟಳು. ಬಾಗಿಲಿನ ಹಲಗೆಗೆ ಮುಖ ತಂದು, ನಮ್ಮೂರಿನಲ್ಲಿ ಯಾರೂ ಯಾವತ್ತೂ ಬಾಗಿಲ ಹಿಂದಿನಿಂದ ಕೇಳದಿದ್ದುದನ್ನು ಕೇಳಿದಳು.

"ಯಾರದು?"

ಹೊರಗೆ ಕೆಮ್ಮು ನಿಂತಿತು. ಉತ್ತರ ಬಂತು: "ನಾನು."

"ನಾನು ಅಂದ್ರೆ?"

"ಗಿರಿಧರ."

"ಯಾವ ಗಿರಿಧರ?"

"ಮಂದಾ, ಜನ ನೋಡ್ತಿದಾರೆ."

"ನೋಡ್ಲಿ. ಯಾವ ಗಿರಿಧರ? ಏನು ಕೆಲಸ?"

"ಹೇಳ್ರೀ ಯಜಮಾನ್ರೇ, ಕೇಳ್ತಾವ್ರಲ್ಲ" ಎಂದ ವಿರೂಪಣ್ಣ. ಯಾರೋ ಕಿಸಕ್ಕೆಂದರು. ಬಳೆಗಾರರ ಸೊಸೆ ಇರಬೇಕು. ಇಡೀ ಓಣಿಗೆ ಆ ಪ್ರಶ್ನೆ ಎಷ್ಟು ಹಿಡಿಸಿತೆಂದರೆ, ನಂಜುಂಡಯ್ಯ ಕೂಡ ಟವೆಲಿನಲ್ಲೇ ಒಂದು ಹೆಜ್ಜೆ ಮುಂದೆ ಬಂದು, "ಅಲ್ಲ, ಏನ್ ಕೆಲಸ ತಮಗೆ?" ಎಂದು ವಿಚಾರಿಸಿದರು. ಗಿರಿಧರ ಬಾಯಿ ತೆರೆದ. ಬೀಗ ಹಾಕುವವನೆಂದು ಹೇಳುವಂತಿರಲಿಲ್ಲ; ಬೇರೆ ಕೆಲಸವೂ ಇರಲಿಲ್ಲ.

"ಇದು ಒಳಗಿಂದ ತೆಗೆಯೋ ಬಾಗಿಲು" ಎಂದಳು ಮಂದಾ. "ತೆಗೆಯಲ್ಲ."

ಅವನು ಟೇಪ್‌ರೆಕಾರ್ಡರನ್ನು ಎತ್ತಿಕೊಂಡು ಮಧ್ಯಾಹ್ನದ ದೋಣಿಗೆ ಹೋದ. ಮತ್ತೆ ಬಂದನೇ ಎಂದರೆ, ಬಂದ, ಬ್ಯಾಟರಿಗಳೊಂದಿಗೇ ಬಂದ. ಓಣಿಯ ಬಾಯಲ್ಲೇ ಅಂಗಡಿಯಿಂದ ವಿರೂಪಣ್ಣ, "ಯಾರದು?" ಎಂದ. ಒಂದೊಂದು ಮನೆಯ ಕಿಟಕಿಯಿಂದಲೂ ಅದೇ ಪ್ರಶ್ನೆ ಬಂತು. ಅವನು ನಮ್ಮ ಕಟ್ಟೆಯವರೆಗೆ ತಲುಪಲಿಲ್ಲ.

ಆ ಹಾಡು ಸಾಯಲು ಅಮ್ಮ ಹೆದರಿದಷ್ಟು ಕಾಲ ಹಿಡಿಯಲಿಲ್ಲ. ಮುಂದಿನ ಮಾವಿನ ಸುಗ್ಗಿಯ ಹೊತ್ತಿಗೆ ಯಾರೋ ಒಬ್ಬ ಹುಡುಗ ಮೋಟಾರ್‌ಸೈಕಲ್ಲಿನ ಬಗ್ಗೆ ಹಾಡಿದ ಆಲ್ಬಮ್ ಬಂತು, ಆಟೋಗಳೆಲ್ಲ ಅದನ್ನು ಹಿಡಿದವು. ನಾವೂ ಒಳಗಿದ್ದವರಿಂದಲೇ ಬಾಗಿಲು ತೆಗೆಸಿಕೊಂಡು, ಹಳೆಯ ಸ್ವರ ಗುನುಗುವುದನ್ನು ಬಿಟ್ಟಿದ್ದೆವು. ಜಗತ್ತಿನಾದ್ಯಂತ ಗುನುಗಿದ ನಮ್ಮ ಮನೆಯ ಸ್ವರವನ್ನು ಗುನುಗುವವರು ಒಂದು ದಿನ ಎಲ್ಲೂ ಇರಲಿಲ್ಲ. ಬಾಗಿಲು ಅದನ್ನು ಮರೆಯಿತು. ಅಮ್ಮ ಹರಳೆಣ್ಣೆ ಕಾಯಿಸಿದಳು. ಹೊಸ ಸ್ವರ ಹೇಳಿದವಳು ಮಂದಾ.

ಅವತ್ತು ಕುಮುದಾ ಊರಿಗೆ ಬಂದಿದ್ದಳು. ಅವಳ ಗಂಟಲು ಪೂರ್ತಿ ಸರಿಹೋಗಲೇ ಇಲ್ಲ. ಎರಡನೆಯ ಆಲ್ಬಮ್ ಅಷ್ಟಕ್ಕಷ್ಟೇ ಓಡಿತು. ನಾಲ್ಕು ಮಾರು ದೂರದಲ್ಲಿ, ಓಣಿಯವರ ನಡುವೆ ಮುಖ ತಿರುಗಿಸಿ ನಿಂತು, ಎಲ್ಲರೊಂದಿಗೆ ಅವಳೂ ಕೆಮ್ಮಿದಳು.

ಹೊಸ ಸ್ವರ ನಮ್ಮ ಮೂವರಿಗೆ ಮಾತ್ರ ಗೊತ್ತಿದೆ. ಬೀಗ ಹಾಲಿನ ಪಾತ್ರೆಯ ಮೇಲಿದೆ.